ಡೀಸೆಲ್ಲು ಕೈಕೊಟ್ಟರೆ ಹೊಲ ಉಳುವವರು ಯಾರು?

ಡೀಸೆಲ್ಲಿಗೆ ಎರಡು ರೂಪಾಯಿ ಏರಿದರೆ ಟಿ.ವಿ.ಯವರು ಪೇಟೆಯ ಬಂಕಿನ ಮುಂದೆ ನಿಂತು ಕಾರಿನವರನ್ನೂ ಆಟೋದವರನ್ನೂ ಮಾತಾಡಿಸುತ್ತಾರೆ. ಹೊಲದವರನ್ನು ಯಾರೂ ಕೇಳೋದಿಲ್ಲ. ನಾವೂ 'ನಮ್ಮ ಹತ್ರ ಏನು ಕಾರಿದೆಯಾ' ಅಂತ ಸುಮ್ಮನಾಗುತ್ತೇವೆ. ಕೂತು ಲೆಕ್ಕ ಹಾಕಿದರೆ ವಿಷಯ ಬೇರೆಯೇ ಇದೆ. ಅಗ್ಗದ ಎಣ್ಣೆಯನ್ನು ನಂಬಿ ಬೇಸಾಯ ಮಾಡುವವರಲ್ಲಿ ನಾವು ಸಣ್ಣ ರೈತರೂ ಸೇರಿಹೋಗಿದ್ದೇವೆ. ಅದು ತುಟ್ಟಿಯಾದರೆ ತಡೆದುಕೊಳ್ಳುವ ಶಕ್ತಿ ಮಾತ್ರ ನಮಗಿಲ್ಲ.

ನಾನು ಶಿರಾ ಸೀಮೆಯ ಖುಷ್ಕಿ ರೈತ. ನಾಲ್ಕೂವರೆ ಎಕರೆ ಕೆಮ್ಮಣ್ಣಿನ ಹೊಲ. ಕಡ್ಲೆಕಾಯಿ, ರಾಗಿ, ತೊಗರಿ, ಹುರುಳಿ ನಮ್ಮ ಬೆಳೆ. ಓದಿದ್ದು ಏಳನೇ ಕ್ಲಾಸು. ಪೇಪರಿನಲ್ಲಿ ಓದಿದ್ದು, ನಮ್ಮೂರ ಹೈಸ್ಕೂಲು ಮೇಷ್ಟ್ರ ಹತ್ತಿರ ಕೇಳಿ ತಿಳಿದದ್ದು, ಹೊಲದಲ್ಲಿ ಕಂಡದ್ದು, ಈ ಮೂರನ್ನೂ ತಾಳೆ ನೋಡಿ ಬರೆದಿದ್ದೇನೆ. ಇಲ್ಲಿ ಎಣ್ಣೆ ಅಂದರೆ ಒಗ್ಗರಣೆ ಎಣ್ಣೆ ಅಲ್ಲ. ನೆಲದೊಳಗಿಂದ ತೆಗೆಯುವ ಕಚ್ಚಾ ಎಣ್ಣೆ ಮತ್ತು ಅದರ ಒಡಹುಟ್ಟಾದ ಗ್ಯಾಸು.

ಹೊಲದಲ್ಲಿ ಎಣ್ಣೆ ಎಲ್ಲೆಲ್ಲಿದೆ?

ಒಂದು ಕಡ್ಲೆಕಾಯಿ ಬೆಳೆಯನ್ನೇ ತೆಗೆದುಕೊಳ್ಳಿ. ಮಾಗಿ ಉಳುಮೆಗೆ ಟ್ರ್ಯಾಕ್ಟರು. ಮುಂಗಾರು ಬಿದ್ದ ಮೇಲೆ ಹರಗಲು ಟ್ರ್ಯಾಕ್ಟರು, ಬಿತ್ತಲಿಕ್ಕೂ ಟ್ರ್ಯಾಕ್ಟರು. ಅದು ಗಂಟೆಗೆ ನಾಲ್ಕೈದು ಲೀಟರು ಡೀಸೆಲ್ಲು ಕುಡಿಯುತ್ತದೆ. ಗಿಡದಿಂದ ಕಾಯಿ ಬಿಡಿಸಲು ಮಿಷನ್ನು, ಮಂಡಿಗೆ ಸಾಗಿಸಲು ಟೆಂಪೋ. ಇದು ಕಣ್ಣಿಗೆ ಕಾಣುವ ಎಣ್ಣೆ.

ಕಾಣದ ಎಣ್ಣೆ ಇನ್ನೂ ಇದೆ. ಯೂರಿಯಾ ತಯಾರಾಗುವುದು ಗ್ಯಾಸಿನಿಂದ. ಗಾಳಿಯಲ್ಲಿರುವ ಸಾರಜನಕವನ್ನು ಗ್ಯಾಸಿನಿಂದ ಬಂದ ಜಲಜನಕದ ಜೊತೆ ಭಾರಿ ಶಾಖ, ಭಾರಿ ಒತ್ತಡದಲ್ಲಿ ಸೇರಿಸಿ ಅಮೋನಿಯಾ ಮಾಡುತ್ತಾರೆ, ಅಮೋನಿಯಾದಿಂದ ಯೂರಿಯಾ. ನಮ್ಮ ಮಂಗಳೂರಿನ ಪಣಂಬೂರು ಕಾರ್ಖಾನೆ ಬಹಳ ಕಾಲ ನಾಫ್ತಾದಿಂದ ಯೂರಿಯಾ ಮಾಡುತ್ತಿತ್ತು. ನಾಫ್ತಾ ಅಂದರೆ ಕಚ್ಚಾ ಎಣ್ಣೆಯನ್ನು ಶುದ್ಧ ಮಾಡುವಾಗ ಸಿಗುವ ಒಂದು ಭಾಗ. ಕೊಚ್ಚಿಯಿಂದ ಮಂಗಳೂರಿಗೆ ಹಾಕಿದ ಗ್ಯಾಸು ಪೈಪು 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆ ಗ್ಯಾಸು ಕೊಚ್ಚಿಗೆ ಬರುವುದು ಹೊರದೇಶದಿಂದ, ಹಡಗಿನಲ್ಲಿ. ಅಂದರೆ ಒಂದು ಹಿಡಿ ಯೂರಿಯಾ ಎರಚಿದರೆ ಒಂದು ಹಿಡಿ ಗ್ಯಾಸು ಎರಚಿದ ಹಾಗೆ. ಡಿಎಪಿಗೆ ಬೇಕಾದ ಅಮೋನಿಯಾ ಕೂಡ ಹೀಗೇ ಬರುವಂಥದ್ದು.

ಇದರ ಮೇಲೆ ಔಷಧಿ, ಡ್ರಿಪ್ ಪೈಪು, ಟಾರ್ಪಾಲು, ಪ್ಲಾಸ್ಟಿಕ್ ಚೀಲ, ಮನೆಯ ಸಿಲಿಂಡರು. ಎಲ್ಲದರ ಬೇರು ಎಣ್ಣೆ ಇಲ್ಲವೇ ಗ್ಯಾಸಿನಲ್ಲಿದೆ. ಕೆರೆಯಲ್ಲಿ ನೀರಿಲ್ಲದೆ ಬೇಸಾಯ ಮಾಡಿ ಗೊತ್ತಿರುವ ನಾವು, ಎಣ್ಣೆ ಇಲ್ಲದೆ ಒಂದು ಬೆಳೆ ತೆಗೆಯುವುದನ್ನು ಮರೆಯುತ್ತಾ ಬಂದಿದ್ದೇವೆ.

ಒಂದು ಲೀಟರಿನಲ್ಲಿ ಎಷ್ಟು ಆಳು?

ಎಣ್ಣೆ ಯಾಕೆ ಇಷ್ಟು ಬೇಗ ಊರನ್ನೇ ಬದಲಾಯಿಸಿತು ಅನ್ನೋದಕ್ಕೆ ಒಂದು ಲೆಕ್ಕ ಸಾಕು. ಮೇಷ್ಟ್ರು ಬಿಡಿಸಿ ತೋರಿಸಿದರು. ಒಂದು ಲೀಟರು ಡೀಸೆಲ್ಲು ಇಂಜಿನ್ನಿನಲ್ಲಿ ಉರಿದು ಕೊಡುವ ಕೆಲಸ, ಒಬ್ಬ ಗಟ್ಟಿ ಆಳು ನಾಲ್ಕೈದು ದಿನ ಮೈಮುರಿದು ಮಾಡುವ ಕೆಲಸಕ್ಕೆ ಸಮ. 2025ರಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ಲು ಲೀಟರಿಗೆ 90 ರೂಪಾಯಿ ಆಸುಪಾಸು ಇತ್ತು. ನಮ್ಮ ಕಡೆ ಗಂಡಾಳಿನ ಕೂಲಿ ದಿನಕ್ಕೆ 500. ಎರಡು ಸಾವಿರಕ್ಕೂ ಮೇಲ್ಪಟ್ಟ ಕೆಲಸ 90 ರೂಪಾಯಿಗೆ ಸಿಗುತ್ತದೆ ಅಂದ ಮೇಲೆ ಎತ್ತನ್ನು ಯಾರು ಕಟ್ಟುತ್ತಾರೆ, ಆಳನ್ನು ಯಾರು ಕರೆಯುತ್ತಾರೆ?

ಡೀಸೆಲ್ಲು ತುಟ್ಟಿ ಅಂತ ನಾವು ಬೈಯುತ್ತೇವೆ. ಅದು ಮಾಡುವ ಕೆಲಸಕ್ಕೆ ಹೋಲಿಸಿದರೆ ಈಗಲೂ ಅಗ್ಗವೇ. ಮನುಷ್ಯ ಹಿಂದೆಂದೂ ಇಷ್ಟು ಅಗ್ಗದ ಆಳನ್ನು ಕಂಡಿರಲಿಲ್ಲ. ನಮ್ಮ ಹುಡುಗರು ಬೆಂಗಳೂರು ಸೇರಿದ್ದು, ದಾವಣಗೆರೆಯ ಅಕ್ಕಿ, ಕೋಲಾರದ ಟೊಮೆಟೊ ಎಲ್ಲೆಲ್ಲಿಗೋ ಹೋಗುವುದು, ಮೂಲೆ ಮೂಲೆಗೆ ಬಸ್ಸು ಬಂದಿದ್ದು, ಎಲ್ಲಾ ಈ ಆಳಿನ ದುಡಿಮೆ. ಅವನು ಕೂಲಿ ಏರಿಸಿದ ದಿನ ಎಲ್ಲವೂ ಅಲುಗಾಡುತ್ತದೆ.

ಬೋರ್‌ವೆಲ್ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ

'ಎಣ್ಣೆ ಮುಗಿಯುತ್ತೆ, ಮುಗಿಯುತ್ತೆ ಅಂತ ಐವತ್ತು ವರ್ಷದಿಂದ ಹೇಳ್ತಾ ಬಂದಿದ್ದಾರೆ, ಎಲ್ಲಿ ಮುಗೀತು?' ಅಂತ ಕೇಳುವವರಿದ್ದಾರೆ. ಆ ಮಾತೂ ಸರಿಯೇ. ಎಣ್ಣೆ ಪೂರ್ತಿ ಮುಗಿಯೋದಿಲ್ಲ. ಮುಗಿಯೋದು ಸುಲಭದಲ್ಲಿ ಸಿಗುವ ಎಣ್ಣೆ.

ನಮ್ಮ ಕಡೆ ಮೊದಲು ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದರು. ಆಮೇಲೆ 150 ಅಡಿಗೆ ಬೋರು, 300 ಅಡಿ, ಈಗ ಸಾವಿರ ಅಡಿ ಕೊರೆದರೂ ಗ್ಯಾರಂಟಿ ಇಲ್ಲ. ನೆಲದಲ್ಲಿ ನೀರು ಪೂರ್ತಿ ಮುಗಿದಿದೆಯೇ? ಇಲ್ಲ. ಆದರೆ ಅದನ್ನು ಮೇಲೆತ್ತುವ ಖರ್ಚಿನಲ್ಲಿ ರಾಗಿ ಬೆಳೆದು ಉಳಿಯೋಕೆ ಆಗೋದಿಲ್ಲ. ಎಣ್ಣೆಯ ಕಥೆಯೂ ಇದೇ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಂಬುವವರು ಕೊರೆದ ಬಾವಿಯಲ್ಲಿ 70 ಅಡಿ ಆಳದಲ್ಲೇ ಎಣ್ಣೆ ಸಿಕ್ಕಿತ್ತು. ಈಗ ಸಮುದ್ರದ ತಳದಿಂದ ಕೆಳಗೆ ಮೈಲಿಗಟ್ಟಲೆ ಕೊರೆಯುತ್ತಾರೆ, ಕೆನಡಾದಲ್ಲಿ ಮರಳಿಗೆ ಅಂಟಿದ ಡಾಂಬರನ್ನು ಬಿಸಿ ಮಾಡಿ ತೆಗೆಯುತ್ತಾರೆ.

1956ರಲ್ಲಿ ಹಬ್ಬರ್ಟ್ ಎಂಬ ಅಮೆರಿಕದ ಭೂವಿಜ್ಞಾನಿ, ತಮ್ಮ ದೇಶದ ಎಣ್ಣೆ ಉತ್ಪಾದನೆ 1970ರ ಹೊತ್ತಿಗೆ ತುದಿ ಮುಟ್ಟಿ ಇಳಿಯಬಹುದು ಎಂದು ಲೆಕ್ಕ ಹಾಕಿದರು. 1970ರಲ್ಲಿ ಹಾಗೆಯೇ ಆಯಿತು. ಆದರೆ ಮುಂದೆ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವ ಕ್ರಮ ಬಂದು, 2018ರ ಹೊತ್ತಿಗೆ ಅಮೆರಿಕ ಆ ಹಳೆಯ ಮಟ್ಟವನ್ನೂ ದಾಟಿತು. ಹಾಗಾಗಿ ಇಂಥ ವರ್ಷ ಮುಗಿಯುತ್ತದೆ ಎಂದು ಹೇಳುವ ಜ್ಯೋತಿಷ್ಯವನ್ನು ನಂಬಬೇಡಿ. ಆದರೆ ಸೀಳಿದ ಬಂಡೆಯ ಬಾವಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಇಳಿದುಬಿಡುತ್ತದೆ, ಮತ್ತೆ ಮತ್ತೆ ಹೊಸದು ಕೊರೆಯುತ್ತಲೇ ಇರಬೇಕು. ಪ್ರಪಂಚದಲ್ಲಿ ದೊಡ್ಡ ದೊಡ್ಡ ಎಣ್ಣೆ ನಿಕ್ಷೇಪಗಳು ಅತಿ ಹೆಚ್ಚು ಸಿಕ್ಕಿದ್ದು 1960ರ ದಶಕದಲ್ಲಿ. ಖರ್ಚು ಮಾತ್ರ ಏರುತ್ತಾ ಈಗ ದಿನಕ್ಕೆ ಹತ್ತು ಕೋಟಿ ಬ್ಯಾರಲ್ ಆಸುಪಾಸು. ಒಂದು ಬ್ಯಾರಲ್ ಅಂದರೆ 159 ಲೀಟರು.

ನಮ್ಮ ದೇಶದ ಬಾವಿಗಳು ಇಳಿಮುಖವಾಗಿ ಬಹಳ ವರ್ಷವಾಯಿತು. 2011-12ರಲ್ಲಿ 3.8 ಕೋಟಿ ಟನ್ ತೆಗೆದಿದ್ದರು, 2023-24ರಲ್ಲಿ 3 ಕೋಟಿ ಟನ್ನಿಗಿಂತ ಕಡಿಮೆ. ನಾವು ಬಳಸುವ ನೂರು ಲೀಟರಿನಲ್ಲಿ 85ಕ್ಕೂ ಹೆಚ್ಚು ಹೊರಗಿನದು. ಆಪತ್ಕಾಲಕ್ಕೆಂದು ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಬಳಿಯ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು ಕಚ್ಚಾ ಎಣ್ಣೆ ಕೂಡಿಡುವ ಏರ್ಪಾಡು ಇದೆ. ಮೂರೂ ತುಂಬಿದ್ದರೆ 53 ಲಕ್ಷ ಟನ್. ದೇಶಕ್ಕೆ ಒಂಬತ್ತು ಹತ್ತು ದಿನಕ್ಕೆ ಸಾಕಾಗುವಷ್ಟು. ನಮ್ಮ ಮನೆಯ ರಾಗಿ ಕಣಜವೇ ಇದಕ್ಕಿಂತ ಹೆಚ್ಚು ದಿನ ಬರುತ್ತದೆ.

ಪೆಟ್ಟು ಬೀಳುವ ರೀತಿ

ಬೆಲೆ ಮೆಟ್ಟಿಲು ಹತ್ತಿದ ಹಾಗೆ ಒಂದೇ ಸಮ ಏರೋದಿಲ್ಲ. ದಿಢೀರನೆ ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧವಾದಾಗ ಬ್ಯಾರಲ್ಲಿಗೆ 3 ಡಾಲರ್ ಇದ್ದದ್ದು 1974ರ ಶುರುವಿಗೆ 12 ಡಾಲರಿನ ಹತ್ತಿರ ಹೋಯಿತು. ಅದೇ 1974ರಲ್ಲಿ ನಮ್ಮ ದೇಶದಲ್ಲಿ ಯೂರಿಯಾ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. 2008ರ ಜುಲೈನಲ್ಲಿ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿ, ಅದೇ ವರ್ಷದ ಕೊನೆಗೆ 40ರ ಆಸುಪಾಸಿಗೆ ಬಿತ್ತು. ಏರಿದಾಗ ನಮ್ಮ ಬಾಡಿಗೆ ಏರುತ್ತದೆ. ಬಿದ್ದಾಗ ಬಾಡಿಗೆ ಇಳಿದದ್ದನ್ನು ನಾನು ಕಂಡಿಲ್ಲ.

1990ರ ಆಗಸ್ಟಿನಲ್ಲಿ ಇರಾಕು ಕುವೈತಿನ ಮೇಲೆ ನುಗ್ಗಿದಾಗ ಎಣ್ಣೆ ಬೆಲೆ ಏರಿ, ನಮ್ಮ ದೇಶದ ಡಾಲರ್ ಖಜಾನೆ ಬರಿದಾಗುವ ಹಂತಕ್ಕೆ ಬಂತು. 1991ರಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡಿಗೆ ಕಳಿಸಿ ಅಡ ಇಟ್ಟು ಸಾಲ ತಂದರು. ಎಣ್ಣೆ ಒಂದೇ ಕಾರಣ ಅಲ್ಲ, ಹಳೆ ಸಾಲವೂ ಇತ್ತು. ಆದರೂ ಬಂಕಿನ ಬಾಕಿಗೆ ಒಡವೆ ಅಡ ಇಡುವ ಪರಿಸ್ಥಿತಿ ದೇಶಕ್ಕೂ ಬರುತ್ತದೆ ಅನ್ನೋದಕ್ಕೆ ಅದು ಸಾಕ್ಷಿ.

2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗ ಗ್ಯಾಸಿನ ಬೆಲೆ ಏರಿ ಯುರೋಪಿನ ಎಷ್ಟೋ ಗೊಬ್ಬರ ಕಾರ್ಖಾನೆಗಳು ಬಾಗಿಲು ಹಾಕಿದವು. ನಮಗೆ ಯೂರಿಯಾ ಚೀಲ ಹಳೇ ಬೆಲೆಗೇ ಸಿಕ್ಕಿತು. ಯಾಕೆಂದರೆ 2022-23ರಲ್ಲಿ ಗೊಬ್ಬರದ ಸಬ್ಸಿಡಿಗೆಂದು ಕೇಂದ್ರ ಸರ್ಕಾರ ಎರಡೂವರೆ ಲಕ್ಷ ಕೋಟಿ ರೂಪಾಯಿ ಸುರಿಯಿತು. 2019-20ರಲ್ಲಿ ಇದು ಒಂದು ಲಕ್ಷ ಕೋಟಿಗಿಂತ ಕಡಿಮೆ ಇತ್ತು. ನಮ್ಮ ಬೆನ್ನಿಗೆ ಬೀಳಬೇಕಾದ ಪೆಟ್ಟನ್ನು ಸರ್ಕಾರ ಅಡ್ಡ ಕೈ ಹಿಡಿದು ತಡೆಯಿತು. ಪ್ರತಿ ಸಲವೂ ಹಾಗೆ ತಡೆಯುತ್ತದೆ ಎಂದು ನಂಬಿ ಕೂರೋದು ಹೇಗೆ?

ಕ್ಯೂಬಾದಲ್ಲಿ ಆದದ್ದು

ಎಣ್ಣೆ ನಿಜವಾಗಿಯೂ ನಿಂತರೆ ಏನಾಗುತ್ತದೆ ಅನ್ನೋದನ್ನು ಒಂದು ದೇಶ ಅನುಭವಿಸಿ ನೋಡಿದೆ. ಅಮೆರಿಕದ ಪಕ್ಕದ ದ್ವೀಪ ಕ್ಯೂಬಾ. ಅವರು ಸೋವಿಯತ್ ರಷ್ಯಾಕ್ಕೆ ಒಳ್ಳೆ ಬೆಲೆಗೆ ಸಕ್ಕರೆ ಕೊಟ್ಟು, ಅಗ್ಗಕ್ಕೆ ಎಣ್ಣೆ ತರುತ್ತಿದ್ದರು. 1989ರಲ್ಲಿ ಬಂದದ್ದು ಸುಮಾರು 1.3 ಕೋಟಿ ಟನ್. ಸರ್ಕಾರಿ ಫಾರಮ್ಮುಗಳು, ದೊಡ್ಡ ಟ್ರ್ಯಾಕ್ಟರು, ಚೀಲಗಟ್ಟಲೆ ಗೊಬ್ಬರ, ಸಾವಿರಾರು ಎಕರೆ ಕಬ್ಬು. ಊಟದ ಕಾಳನ್ನು ಬಹುಪಾಲು ಹೊರಗಿನಿಂದ ತರಿಸುತ್ತಿದ್ದರು.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎರಡು ಮೂರು ವರ್ಷದೊಳಗೆ ಎಣ್ಣೆಯ ಬರವು ಅರ್ಧಕ್ಕೂ ಕೆಳಗಿಳಿಯಿತು. ಜೊತೆಗೆ ಗೊಬ್ಬರ, ಔಷಧಿ, ಬಿಡಿಭಾಗ ಎಲ್ಲಾ ನಿಂತವು. ಟ್ರ್ಯಾಕ್ಟರುಗಳು ನಿಂತಲ್ಲೇ ತುಕ್ಕು ಹಿಡಿದವು. 80 ಲಕ್ಷ ಟನ್ ಆಸುಪಾಸು ಇದ್ದ ಸಕ್ಕರೆ 1993ಕ್ಕೆ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ದೇಶದ ಒಟ್ಟು ದುಡಿಮೆ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಜನರ ಊಟ ಎಷ್ಟು ತೆಳುವಾಯಿತೆಂದರೆ ಮೈತೂಕ ಇಳಿಯಿತು. 'ಬಿ' ಜೀವಸತ್ವದ ಕೊರತೆಯಿಂದ 50 ಸಾವಿರಕ್ಕೂ ಹೆಚ್ಚು ಜನರಿಗೆ ಕಣ್ಣು ಮಂಜಾಗುವ, ಕಾಲು ಜೋಮು ಹಿಡಿಯುವ ಕಾಯಿಲೆ ಬಂತು.

ಅವರು ಕಂಡುಕೊಂಡ ದಾರಿ ನಮಗೆ ಹೊಸದಲ್ಲ. ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲು ತರಿಸಿದರು. 1993ರಲ್ಲಿ ದೊಡ್ಡ ಸರ್ಕಾರಿ ಫಾರಮ್ಮುಗಳನ್ನು ಒಡೆದು ದುಡಿಯುವವರ ಕೂಟಗಳಿಗೆ ವಹಿಸಿದರು. 1994ರಲ್ಲಿ ರೈತರು ನೇರ ಮಾರುವ ಸಂತೆಗಳಿಗೆ ಒಪ್ಪಿಗೆ ಕೊಟ್ಟರು. ಹವಾನಾ ಪಟ್ಟಣದ ಖಾಲಿ ಸೈಟುಗಳಲ್ಲಿ ಮಡಿ ಕಟ್ಟಿ, ಕಾಂಪೋಸ್ಟು ತುಂಬಿ ಸೊಪ್ಪು ತರಕಾರಿ ಬೆಳೆದರು. ಎತ್ತು ಪಳಗಿಸಿದರು. ಹಟ್ಟಿ ಬಿಟ್ಟುಹೋಗಿದ್ದ ಎತ್ತುಗಳ ಸಂಖ್ಯೆ ಹತ್ತು ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು. ಆರು ಹೂಡುವುದು, ಎತ್ತು ಪಳಗಿಸುವುದು ಬಲ್ಲ ಹಳಬರು ಹಳ್ಳಿಗಳಲ್ಲಿ ಇನ್ನೂ ಬದುಕಿದ್ದರು, ಹುಡುಗರಿಗೆ ಕಲಿಸಿದರು. ಅವರು ಇಲ್ಲದೇ ಹೋಗಿದ್ದರೆ?

ಕ್ಯೂಬಾ ಸ್ವರ್ಗವಾಯಿತು ಅಂತ ಕೆಲವರು ಬರೆಯುತ್ತಾರೆ. ಅದು ನಿಜವಲ್ಲ. ತರಕಾರಿ ಬೆಳೆದರು, ಆದರೆ ಈವತ್ತಿಗೂ ಆಹಾರದ ದೊಡ್ಡ ಪಾಲು ಹೊರಗಿನಿಂದಲೇ ಬರುತ್ತದೆ. 2000ದ ಮೇಲೆ ವೆನೆಜುವೆಲಾದ ಎಣ್ಣೆಗೆ ಒರಗಿಕೊಂಡರು. 2024ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೇ ಕರೆಂಟು ಹೋಯಿತು. ಮೊದಲೇ ತಯಾರಿ ಇಲ್ಲದವರು ಹಸಿವಿನ ನಡುವೆ ಎಲ್ಲಾ ಕಲಿಯಬೇಕಾಯಿತು ಅನ್ನೋದು ನಾನು ಅದರಿಂದ ತಿಳಿದದ್ದು.

ಪಕ್ಕದ ಮನೆ ಶ್ರೀಲಂಕಾ

ಇದು ದೂರದ ಮಾತಾಯಿತು ಅನ್ನುವವರು ಶ್ರೀಲಂಕಾ ನೋಡಲಿ. ಪ್ರಪಂಚದಲ್ಲಿ ಎಣ್ಣೆ ಇತ್ತು, ಕೊಳ್ಳಲು ಅವರಲ್ಲಿ ಡಾಲರ್ ಇರಲಿಲ್ಲ. 2022ರಲ್ಲಿ ಬಂಕುಗಳ ಮುಂದೆ ದಿನಗಟ್ಟಲೆ ಸಾಲು. ಗದ್ದೆ ಉಳಲು, ಕೊಯ್ಲಿನ ಮಿಷನ್ನಿಗೆ ಡೀಸೆಲ್ಲು ಸಿಗದೆ ರೈತರು ಪರದಾಡಿದರು. ಜುಲೈನಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದರು.

ಅದಕ್ಕೆ ಮುಂಚೆ, 2021ರ ಏಪ್ರಿಲ್ ಕೊನೆಯಲ್ಲಿ, ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರ ತರಿಸುವುದನ್ನು ಒಂದೇ ಆದೇಶದಲ್ಲಿ ನಿಲ್ಲಿಸಿತ್ತು. ಕಾಂಪೋಸ್ಟು ಸಾಲಲಿಲ್ಲ, ನೆಲವೂ ತಯಾರಿರಲಿಲ್ಲ. ನವೆಂಬರಿನಲ್ಲಿ ಆದೇಶ ಹಿಂದಕ್ಕೆ ತೆಗೆದುಕೊಂಡರೂ ಆ ಹಂಗಾಮಿನ ಭತ್ತ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಯಿತು. ಸಗಣಿ ಗೊಬ್ಬರದ ಪರವಾಗಿ ಮಾತಾಡುವ ನಮ್ಮಂಥವರು ಇದನ್ನು ಮುಚ್ಚಿಡಬಾರದು. ನೆಲಕ್ಕೆ ಜೀವ ಬರಲು ವರ್ಷಗಳು ಬೇಕು. ಬಿಡುವುದಾದರೆ ಸ್ವಲ್ಪ ಸ್ವಲ್ಪ ಬಿಡಬೇಕು, ಕೈಯಲ್ಲಿ ಗೊಬ್ಬರ ಇರುವಾಗಲೇ ಬಿಡಬೇಕು.

ನಮ್ಮೂರಿನ ಲೆಕ್ಕ

ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಅರವತ್ತಕ್ಕೂ ಮೇಲೆ ಎತ್ತಿನ ಜೋಡಿ ಇದ್ದವು. ಈ ಯುಗಾದಿಗೆ ಹೊನ್ನಾರು ಕಟ್ಟುವಾಗ ಎಣಿಸಿದೆ. ಏಳು ಜೋಡಿ. ಕೂರಿಗೆ ಮಾಡಬಲ್ಲ ಬಡಗಿ ಒಬ್ಬರೇ ಉಳಿದಿದ್ದಾರೆ, ಎಪ್ಪತ್ತು ದಾಟಿದೆ. ಕೂರಿಗೆ ತಾಳುಗಳ ಅಂತರ, ಬಟ್ಟಲಿನ ತೂತು, ಈಸಿನ ಏರು ಎಲ್ಲಾ ಅವರ ಕೈಲೆಕ್ಕ, ಎಲ್ಲೂ ಬರೆದಿಟ್ಟಿಲ್ಲ. ಕಮ್ಮಾರರ ಮಗ ಗೇಟು, ಕಿಟಕಿಯ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಕುಳ ಹಣಿಯಲು ಈಗ ಹನ್ನೆರಡು ಮೈಲಿ ಹೋಗಬೇಕು.

ನಮ್ಮ ಮನೆಯಲ್ಲೂ ಈ ವಿಷಯಕ್ಕೆ ವಾದ ನಡೆದಿದೆ. ನನ್ನ ಮಗ ಹೇಳೋದು ಹೀಗೆ: 'ಅಪ್ಪಾ, ವರ್ಷಕ್ಕೆ ನಲವತ್ತು ದಿನ ಕೆಲಸ ಮಾಡೋ ಎತ್ತಿಗೆ ಮುನ್ನೂರ ಅರವತ್ತೈದು ದಿನ ಮೇವು ಹಾಕ್ತೀಯ. ಮಾರಿದ್ರೆ ಲಕ್ಷದ ಮೇಲೆ ಬರುತ್ತೆ.' ಅವನ ಲೆಕ್ಕ ತಪ್ಪಲ್ಲ. ನಮ್ಮ ಖುಷ್ಕಿಯಲ್ಲಿ ಹದ ಇರೋದು ಮೂರು ನಾಲ್ಕು ದಿನ. ಎತ್ತು ದಿನಕ್ಕೆ ಅರ್ಧದಿಂದ ಮುಕ್ಕಾಲು ಎಕರೆ ಉತ್ತರೆ ಹೆಚ್ಚು. ಟ್ರ್ಯಾಕ್ಟರು ಅಷ್ಟನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ. ಡೀಸೆಲ್ಲು ಅಗ್ಗಕ್ಕೆ ಸಿಗುವ ತನಕ ಅವನೇ ಗೆಲ್ಲುತ್ತಾನೆ.

ನಾನು ಹೇಳೋದು ಇಷ್ಟೇ. ಡೀಸೆಲ್ಲಿನ ಬೆಲೆ ಏರಲು ಒಂದು ರಾತ್ರಿ ಸಾಕು. ಈವತ್ತು ಹುಟ್ಟಿದ ಹೋರಿಗರು ನೊಗಕ್ಕೆ ಬರಲು ಮೂರು ವರ್ಷ ಬೇಕು. ಕೂರಿಗೆ ಮಾಡೋದು ಕಲಿಯಲು ಹುಡುಗನೊಬ್ಬನಿಗೆ ಎರಡು ಮೂರು ಹಂಗಾಮು ಬೇಕು. ಎತ್ತಿನ ಬೀಜವೂ, ಕೆಲಸ ಬಲ್ಲವರೂ ಊರಿನಿಂದ ಪೂರ್ತಿ ಹೋದ ಮೇಲೆ ದುಡ್ಡು ಹಿಡಿದು ನಿಂತರೂ ಸಿಗೋದಿಲ್ಲ.

ಬರೀ ಉಳುಮೆಯ ಪ್ರಶ್ನೆಯೂ ಅಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಣ್ಣೆ ಇತ್ತು, ಲಾರಿ ಮಾತ್ರ ನಿಂತಿತ್ತು. ದೂರದ ಮಾರ್ಕೆಟ್ಟು ನಂಬಿದ್ದವರು ಟೊಮೆಟೊ, ಕಲ್ಲಂಗಡಿಯನ್ನು ಹೊಲದಲ್ಲೇ ಬಿಟ್ಟರು. ಬೆಂಗಳೂರಿನ ಹುಡುಗರು ಊರಿಗೆ ವಾಪಸು ಬಂದರು. ಮನೆಯಲ್ಲಿ ರಾಗಿ, ಹುರುಳಿ, ತೊಗರಿ ಇದ್ದವರು ಅವರಿಗೆ ಅನ್ನ ಹಾಕಿದರು. ಕಡ್ಲೆಕಾಯಿ ಒಂದನ್ನೇ ಬೆಳೆದು ಮಾರಿದ್ದವರು ಅಂಗಡಿ ಮುಂದೆ ನಿಂತರು. ಸಾಗಣೆ ತುಟ್ಟಿಯಾದ ದಿನ ಪೇಟೆಯ ಕೆಲಸ ಮೊದಲು ಅಲುಗಾಡುತ್ತದೆ, ಅದರ ಭಾರ ಹಳ್ಳಿಯ ಅದೇ ನಾಲ್ಕೆಕರೆಯ ಮೇಲೆ ಬೀಳುತ್ತದೆ.

ಈಗಲೇ ಆಗುವಂಥ ಕೆಲಸ

ಟ್ರ್ಯಾಕ್ಟರು ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಮಾಗಿ ಉಳುಮೆಗೆ ಟ್ರ್ಯಾಕ್ಟರೇ ಕರೆಸುತ್ತೇನೆ. ಅದೊಂದನ್ನೇ ನಂಬಬಾರದು. ನಾವು ಮಾಡುತ್ತಿರುವುದು ಹೀಗಿದೆ:

ಒಂದು, ಎತ್ತನ್ನು ಒಂಟಿಯಾಗಿ ಸಾಕುವುದು ಕಷ್ಟ. ನಾವು ಮೂರು ಮನೆಯವರು ಸೇರಿ ಒಂದು ಜೋಡಿ ಇಟ್ಟಿದ್ದೇವೆ. ಎತ್ತು ಇರೋದು ನಮ್ಮ ಹಟ್ಟಿಯಲ್ಲಿ, ಮೇವು ಮೂರೂ ಮನೆಯದು, ಸರದಿ ಮೇಲೆ ಕೆಲಸ. ಬಿತ್ತನೆ, ಕುಂಟೆ, ಗಾಡಿ ಈ ಮೂರು ಕೆಲಸ ಎತ್ತಿಗೆ ಬಿಟ್ಟಿದ್ದೇವೆ. ಹೀಗೆ ಹಂಚಿಕೊಂಡ ಮೇಲೆ ಮಗನೂ ಮಾರುವ ಮಾತು ನಿಲ್ಲಿಸಿದ್ದಾನೆ.

ಎರಡು, ತಿಪ್ಪೆಯನ್ನು ಬಿಸಿಲಿಗೆ ಬಿಡದೆ ಗುಂಡಿ ತೆಗೆದು, ಮಣ್ಣು ಮುಚ್ಚಿ ಕೊಳೆಸುವುದು. ಬದುವಿನಲ್ಲಿ ಗೊಬ್ಬರದ ಗಿಡ, ಹೊಂಗೆ ಬೆಳೆಸಿ ಸೊಪ್ಪು ಸೇರಿಸುವುದು. ಹೀಗೆ ಒಂದೊಂದೇ ಎಕರೆಗೆ ಚೀಲದ ಗೊಬ್ಬರ ಕಡಿಮೆ ಮಾಡುತ್ತಾ ಬಂದಿದ್ದೇವೆ.

ಮೂರು, ಅಕ್ಕಡಿ ಸಾಲು ಬಿಡದಿರುವುದು. ರಾಗಿಯಲ್ಲಿ ಅವರೆ, ಕಡ್ಲೆಕಾಯಿಯಲ್ಲಿ ತೊಗರಿ. ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುವ ಯೂರಿಯಾ ಕಾರ್ಖಾನೆ ದ್ವಿದಳ ಗಿಡದ ಬೇರಿನಲ್ಲೇ ಇದೆ. ಅದಕ್ಕೆ ಗ್ಯಾಸು ಪೈಪು ಬೇಕಿಲ್ಲ.

ನಾಲ್ಕು, ಬೆಳೆಯ ಒಂದು ಪಾಲನ್ನಾದರೂ ಹತ್ತಿರದ ಸಂತೆಯಲ್ಲಿ ಮಾರುವುದು. ವರ್ಷದ ಕಾಳು, ಬಿತ್ತನೆ ಬೀಜ ಮನೆಯಲ್ಲಿಟ್ಟುಕೊಂಡೇ ಉಳಿದದ್ದು ಮಂಡಿಗೆ.

ಐದು, ಸೋಲಾರ್ ಪಂಪು ಸಿಕ್ಕುವವರು ಹಾಕಿಸಿಕೊಳ್ಳಿ, ಒಳ್ಳೆಯದೇ. ಅದು ನೀರೆತ್ತುತ್ತದೆ. ನಮ್ಮಂಥ ನೀರಿಲ್ಲದ ಹೊಲ ಉಳಲು ಬರೋದಿಲ್ಲ ಅನ್ನೋದು ನೆನಪಿರಲಿ.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಉಳುವ ಎತ್ತಿನ ಜೋಡಿ ಎಷ್ಟಿವೆ, ಕೂರಿಗೆ, ನೇಗಿಲು ಮಾಡಬಲ್ಲವರು ಎಷ್ಟು ಜನ, ಅವರ ವಯಸ್ಸೆಷ್ಟು ಎಂದು ಒಮ್ಮೆ ಎಣಿಸಿ ಪತ್ರಿಕೆಗೆ ಬರೆಯಿರಿ. ನಾನು ಬರುವ ಮಾಗಿಯಲ್ಲಿ ನಮ್ಮ ಬಡಗಿಯವರನ್ನು ಕೂರಿಸಿಕೊಂಡು ಒಂದು ಹೊಸ ಕೂರಿಗೆ ಮಾಡಿಸುತ್ತಿದ್ದೇನೆ. ಅಳತೆಯನ್ನೆಲ್ಲಾ ಮಗ ಬರೆದುಕೊಳ್ಳುತ್ತಾನೆ. ಬೇಕಾದವರಿಗೆ ಆ ಅಳತೆಯನ್ನು ಇದೇ ಪತ್ರಿಕೆಯಲ್ಲಿ ಕೊಡುತ್ತೇನೆ.